ಸೆಟ್ ಮಾರದ ಅಕ್ಕ

ಅಕ್ಕ ತೀರಿಕೊಂಡ ಮರುದಿನ ಗದ್ವಾಲದ ವ್ಯಾಪಾರಿಗಳ ವಾಟ್ಸಾಪ್ ಗುಂಪಿಗೆ ಬಂದ ಶ್ರದ್ಧಾಂಜಲಿಯನ್ನು ಯಾರೋ ನನಗೂ ಕಳಿಸಿದರು. ಗುಲಾಬಿ ಹೂವಿನ ಚೌಕಟ್ಟು, ನಡುವೆ ಆಕೆಯ ಹಳೆಯ ಫೋಟೋ, ಕೆಳಗೆ ತೆಲುಗಿನಲ್ಲಿ ನಾಲ್ಕು ಸಾಲು. ಮೃದುಭಾಷಿ, ಶಾಂತ ಸ್ವಭಾವದವರು, ಎಲ್ಲರೊಂದಿಗೂ ಹೊಂದಿಕೊಂಡು ಹೋಗುತ್ತಿದ್ದವರು ಎಂದು ಬರೆದಿದ್ದರು. ಓದಿ ನನಗೆ ಮೈ ಉರಿಯಿತು. ಆಕೆ ಮೃದುಭಾಷಿಯಾಗಿರಲಿಲ್ಲ. ಶಾಂತ ಸ್ವಭಾವ ಆಕೆಯ ಹತ್ತಿರವೂ ಸುಳಿದಿರಲಿಲ್ಲ. ಇನ್ನು ಹೊಂದಿಕೊಂಡು ಹೋಗುವ ಮಾತು ಬರೆದವರಿಗೇ ಚೆನ್ನಾಗಿ ಗೊತ್ತು. ಹೊಂದಿಕೊಳ್ಳಲಿಲ್ಲವೆಂದೇ ಅವರು ಆಕೆಯನ್ನು ಅಂಗಡಿಯಿಂದ ಎಬ್ಬಿಸಿ ಮನೆಗೆ ಕಳಿಸಿದ್ದರು. ಬದುಕಿದ್ದಾಗ ಆಕೆ ಬೈಯುತ್ತಾಳೆಂದು ದೂರಿದವರು, ಸತ್ತ ಮೇಲೆ ಬೈಯುತ್ತಲೇ ಇರಲಿಲ್ಲ ಎಂದು ಹೂವಿನ ಚೌಕಟ್ಟು ಹಾಕಿದ್ದಾರೆ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ತೆಲಂಗಾಣದ ಗಡಿಯಲ್ಲಿ, ಮಕ್ತಲ್ ಕಡೆಯ ಒಂದು ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆ ಗದ್ವಾಲದಲ್ಲಿ. ಬಸ್ಸಿನ ಹೊತ್ತು ಶಾಲೆಯ ಹೊತ್ತಿಗೆ ಕೂಡಿಬರುವುದಿಲ್ಲವೆಂದು ಒಂದು ಹಳೆಯ ಕಾರು ಕೊಂಡೆ. ಕೊಂಡ ಮೂರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅದು ಚಾಲೂ ಆಗಲಿಲ್ಲ. ಗ್ಯಾರೇಜಿನವನು ಬಂದು ಬ್ಯಾಟರಿ ಸತ್ತಿದೆ ಎಂದು ಹೊಸದು ಹಾಕಿ ಹೋದ. ವಾರದೊಳಗೆ ಜೂರಾಲ ಡ್ಯಾಮಿನ ಹತ್ತಿರ ಮತ್ತೆ ಹಾಗೇ ನಿಂತಿತು. ದಾರಿಯಲ್ಲಿ ಹೋಗುತ್ತಿದ್ದ ಲಾರಿ ಡ್ರೈವರೊಬ್ಬ ಬಾನೆಟ್ ಎತ್ತಿ ನೋಡಿ, ಬ್ಯಾಟರಿಯ ಮೇಲಿನ ಸಡಿಲವಾದ ನಟ್ಟನ್ನು ಬಿಗಿ ಮಾಡಿದ. ಗಾಡಿ ಚಾಲೂ ಆಯಿತು. ಹಿಂದಿನ ಬ್ಯಾಟರಿಗೂ ಏನೂ ಆಗಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಗ್ಯಾರೇಜಿಗೆ ಹೋಗಿ ಕೇಳಿದರೆ ಅವನು ನಕ್ಕುಬಿಟ್ಟ.

"ಮೇಡಂ, ಇದೆಲ್ಲಾ ನಿಮಗ ತಿಳಿಯೂದಿಲ್ರೀ. ಸರ್‌ನ ಕಳಸ್ರಿ."

ಸರ್ ಎಂದರೆ ನನ್ನ ಗಂಡ. ನಮ್ಮದು ಮಂತ್ರಾಲಯದ ಮಠದೊಂದಿಗೆ ತಲೆಮಾರುಗಳಿಂದ ನಂಟಿರುವ ಮನೆತನ. ನನ್ನ ಗಂಡ ತಹಶೀಲ್ ಕಚೇರಿಯಲ್ಲಿದ್ದಾರೆ. ಕಾರಿನ ಬಾನೆಟ್ ಎಲ್ಲಿಂದ ತೆರೆಯುತ್ತದೆ ಎಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ.

ಆ ಸಿಟ್ಟಿನಲ್ಲೇ ನಾನು ಅಕ್ಕನ ಅಂಗಡಿಗೆ ಹೋದೆ. ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ಗಾಡಿ ರಿಪೇರಿಯ ಸಾಮಾನು ಮಾರುವ ಅಂಗಡಿ ಅದು. ಮುಂದೆ ಶಹಾಬಾದ್ ಕಲ್ಲಿನ ಕಟ್ಟೆ, ಅದರ ಹಿಂದೆ ಸ್ಟೂಲಿನ ಮೇಲೆ ಐವತ್ತೈದರ ಆಚೀಚೆಯ ಹೆಂಗಸು. ಹಣೆಗೆ ವಿಭೂತಿ, ಸೆರಗು ಸೊಂಟಕ್ಕೆ ಬಿಗಿದು ಕಟ್ಟಿದ್ದು, ಉಗುರಿನ ಸಂದಿಯಲ್ಲಿ ಎಣ್ಣೆಯ ಕಪ್ಪು. ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು.

"ಅಕ್ಕಾ, ಮನ್ಯಾಗ ಕಾರ್ ಸಣ್ಣಪುಟ್ಟ ರಿಪೇರಿ ಮಾಡ್ಕೊಳ್ಳಾಕ ಇಂಥಾದೊಂದು ಸೆಟ್ ಬೇಕ್ರೀ," ಎಂದು ಫೋನಿನಲ್ಲಿ ಚಿತ್ರ ತೋರಿಸಿದೆ. ಹೊಳೆಯುವ ದೊಡ್ಡ ಪೆಟ್ಟಿಗೆ, ಒಳಗೆ ಸಾಲುಸಾಲಾಗಿ ಜೋಡಿಸಿದ ನೂರೆಂಟು ಸಾಮಾನು.

ಆಕೆ ಫೋನನ್ನು ಮುಟ್ಟಲೂ ಇಲ್ಲ.

"ಏನ್ ಬಿಚ್ಚಬೇಕಾಗೈತಿ?"

"ಸದ್ಯಕ್ಕೇನಿಲ್ರೀ. ಇರ್ಲಿ ಅಂತ."

"ಇರ್ಲಿ ಅಂತ ತಗೊಂಡಿಡಾಕ ಇದೇನು ಬಂಗಾರೇನು? ಇದ್ರಾಗ ನಿನ್ನ ಗಾಡಿಗೆ ಬರೋವು ಹತ್ತು ಇದ್ರ ಹೆಚ್ಚು. ಉಳಿದದ್ದೆಲ್ಲಾ ಡಬ್ಬಿ ತುಂಬ್ಸಾಕ ಹಾಕ್ಯಾರ. ನಾ ಸೆಟ್ ಮಾರಾಂಗಿಲ್ಲ. ಗಾಡಿ ಎಲ್ಲೈತಿ?"

ನಾನು ಉತ್ತರಿಸುವ ಮೊದಲೇ ಆಕೆ ಕಟ್ಟೆ ದಾಟಿ ಹೊರಗೆ ಬಂದಿದ್ದಳು. ಕೈಯಲ್ಲಿ ಏಳೆಂಟು ಪಾನಾ. ನಮ್ಮ ಕಡೆ ಸ್ಪ್ಯಾನರಿಗೆ ಪಾನಾ ಎನ್ನುತ್ತೇವೆ. ನನ್ನಿಂದಲೇ ಬಾನೆಟ್ ತೆರೆಸಿ, ಬ್ಯಾಟರಿ ಬದಲಿಸಿದ ಕತೆ ಕೇಳಿಸಿಕೊಂಡು, ಅದರ ನಟ್ಟಿಗೆ ಒಂದೊಂದೇ ಪಾನಾ ಹಾಕಿ ನೋಡಲು ಹೇಳಿದಳು. ನಾಲ್ಕನೆಯದು ಸರಿಯಾಗಿ ಕುಳಿತಿತು.

"ಹತ್ತು ನಂಬರ್. ಇದೊಂದು ನಿನ್ನ ಹತ್ರ ಇದ್ದಿದ್ರ ಆ ಬ್ಯಾಟರಿ ಉಳೀತಿತ್ತು. ಈಗ ಚಕ್ರದ ನಟ್ ಬಿಚ್ಚು."

"ಇಲ್ಲೇ ಏನ್ರೀ? ರೋಡಿನ್ಯಾಗ?"

"ಪಂಚರ್ ಏನು ನಿನ್ನ ಅಡಗಿಮನ್ಯಾಗ ಆಗ್ತೈತೇನು?"

ಕಾರಿನ ಜೊತೆಗೇ ಬಂದಿದ್ದ ಸಣ್ಣ ಪಾನಾ ಎರಡು ಸಲ ಜಾರಿತು. ಅಕ್ಕ ಅದನ್ನು ಕಸಿದು ಪಕ್ಕಕ್ಕೆ ಎಸೆದು, ಕೂಡಿಸುವ ಗುರುತಿನ ಹಾಗೆ ನಾಲ್ಕು ತೋಳಿರುವ ಒಂದನ್ನು ತಂದುಕೊಟ್ಟಳು. ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅದರ ಒಂದು ತೋಳಿನ ಮೇಲೆ ಕಾಲಿಟ್ಟು ಒತ್ತಿದೆ. ನಟ್ ಕಿರ್ ಎಂದು ಸಡಿಲಾಯಿತು. ಎದುರಿನ ಚಹಾದಂಗಡಿಯಲ್ಲಿದ್ದ ಗಂಡಸರು ಎದ್ದು ನಿಂತು ನೋಡುತ್ತಿದ್ದರು. ಒಬ್ಬ ನಕ್ಕ.

"ಏಂ ಚೂಸ್ತುನ್ನಾರು? ಪನಿ ಲೇದಾ ಮೀಕು?" ಅಕ್ಕ ತೆಲುಗಿನಲ್ಲಿ ಗುಡುಗಿದಳು. ಏನು ನೋಡ್ತೀರಿ, ಕೆಲಸವಿಲ್ಲವೇ ಎಂದು. ಎಲ್ಲರೂ ಕುಳಿತರು.

ಆ ದಿನ ನಾನು ಮನೆಗೆ ತಂದದ್ದು ನನ್ನ ಗಾಡಿಗೆ ಹೊಂದುವ ಆರು ಪಾನಾ, ಪಕ್ಕಡ್ ಎನ್ನುವ ಒಂದು ಇಕ್ಕಳ, ಎರಡು ಸ್ಕ್ರೂಡ್ರೈವರ್, ಆ ನಾಲ್ಕು ತೋಳಿನದು, ಗಾಲಿಯ ಗಾಳಿ ನೋಡುವ ಗೇಜು, ತಲೆಗೆ ಕಟ್ಟಿಕೊಳ್ಳುವ ದೀಪ, ಇಷ್ಟೇ. ಕೊಡುವ ಮೊದಲು ಒಂದೊಂದು ಪಾನಾವನ್ನೂ ಕಲ್ಲಿನ ಕಟ್ಟೆಗೆ ಬಡಿದು ಸದ್ದು ಕೇಳಿದಳು. ಒಂದು ಮಂಕಾಗಿ ಸದ್ದು ಮಾಡಿತು. "ಇದು ಬೀಡು ಕಬ್ಬಿಣ, ಒತ್ತಿದ್ರ ಮುರೀತೈತಿ," ಎಂದು ಅದನ್ನು ಗುಜರಿಯ ಬುಟ್ಟಿಗೆ ಎಸೆದಳು. ಪೆಟ್ಟಿಗೆ ಕೇಳಿದ್ದಕ್ಕೆ ದಪ್ಪ ಬಟ್ಟೆಯ ಚೀಲವೊಂದನ್ನು ಮುಖಕ್ಕೆ ಹಿಡಿದಳು.

ಆಮೇಲೆ ನಾನು ಭಾನುವಾರಗಳಲ್ಲಿ ಆ ಅಂಗಡಿಗೆ ಹೋಗತೊಡಗಿದೆ. ಎಂಜಿನ್ ಎಣ್ಣೆಯ ಮಟ್ಟ ನೋಡುವುದು, ಗಾಳಿಯ ಫಿಲ್ಟರ್ ಬಿಚ್ಚಿ ಜಾಡಿಸುವುದು, ಸುಟ್ಟ ಫ್ಯೂಸ್ ಬದಲಿಸುವುದು, ಎಲ್ಲವನ್ನೂ ಆಕೆ ಬೈದೇ ಕಲಿಸಿದಳು. ಒಮ್ಮೆ ನಟ್ಟಿಗೆ ದೊಡ್ಡ ಪಾನಾ ಹಾಕಿ ಅದರ ಮೂಲೆ ಸವೆಸಿದ್ದೆ. "ಮಕ್ಕಳಿಗೆ ಲೆಕ್ಕ ಹಿಂಗಾ ಹೇಳಿಕೊಡ್ತಿ? ಸುಮಾರಾಗಿ?" ಎಂದು ಹದಿನೈದು ನಿಮಿಷ ಬೈದಳು. ನನಗೆ ಬೇಸರವಾಗಲಿಲ್ಲ. ಗ್ಯಾರೇಜಿನವನು ನಗುನಗುತ್ತಾ ಮೋಸ ಮಾಡಿದ್ದ. ಈಕೆ ಬೈಯುತ್ತಾ ಒಂದು ತಪ್ಪು ವಸ್ತುವನ್ನೂ ನನ್ನ ಕೈಗೆ ಕೊಟ್ಟಿರಲಿಲ್ಲ.

ಒಂದು ದಿನ ಬಿಳಿ ಬಟ್ಟೆಯ ದೊಡ್ಡ ಮನುಷ್ಯನೊಬ್ಬ ಬಂದು, ಸ್ಟೂಲಿನ ಮೇಲೆ ಆಕೆ ಕುಳಿತಿರುವುದನ್ನು ನೋಡಿಯೂ, ಒಳಗೆ ಇಣುಕಿ, "ಅಂಗಡ್ಯಾಗ ಯಾರೂ ಇಲ್ಲೇನು?" ಎಂದ.

"ಯಾರೂ ಇಲ್ಲ. ನಾಳಿ ಬಾ," ಎಂದು ಅಕ್ಕ ಚಹಾ ಕುಡಿಯುವುದನ್ನು ಮುಂದುವರಿಸಿದಳು. ಅವನು ನಿಜಕ್ಕೂ ಹೊರಟುಹೋದ.

ಜಾಕ್ ಒಂದನ್ನೇ ಕೇಳಿದವರಿಗೆ ಆಕೆ ಕೊಡುತ್ತಿರಲಿಲ್ಲ. ಜೊತೆಗೆ ಒಂದು ಜೋಡಿ ಸ್ಟ್ಯಾಂಡ್ ತೆಗೆದುಕೊಳ್ಳಲೇಬೇಕು. ಜಾಕ್ ಗಾಡಿಯನ್ನು ಎತ್ತುತ್ತದೆ. ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವುದು ಸ್ಟ್ಯಾಂಡ್, ಮೂರು ನಾಲ್ಕು ಕಾಲಿನ ಗಟ್ಟಿ ಕಬ್ಬಿಣದ ಪೀಠ. ಗಾಡಿಯ ಕೆಳಗೆ ತೂರುವವರು ಅದರ ಮೇಲೆ ಭಾರ ಇಳಿಸಿಯೇ ತೂರಬೇಕು. ಗಿರಾಕಿಗಳು ಬೇರೆ ಅಂಗಡಿಗೆ ಹೋಗುತ್ತೇವೆ ಎಂದರೆ, ಹೋಗ್ರಿ ಎನ್ನುತ್ತಿದ್ದಳು. ಹಾಗೆ ಒಬ್ಬ ಹೋದ ಮೇಲೆ ನಾನು ಕೇಳಿದೆ.

"ಯಾಕ್ರೀ ಅಕ್ಕಾ ಇಷ್ಟು ಹಟ?"

ಆಕೆ ನಟ್ಟುಗಳನ್ನು ಅಳತೆಯಂತೆ ಬೇರೆಬೇರೆ ಡಬ್ಬಿಗೆ ಹಾಕುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ನಮ್ಮ ಮನಿಯವ್ರು ಈ ಅಂಗಡಿ ಹಿಂದ ಗ್ಯಾರೇಜ್ ಇಟ್ಟಿದ್ರು. ಜಾಕ್ ಮ್ಯಾಲ ಗಾಡಿ ಎತ್ತಿ ಕೆಳಗ ಹೋದ್ರು. ಜಾಕ್ ಜಾರ್ತು."

"ಆವಾಗ ಸ್ಟ್ಯಾಂಡ್ ಇರ್ಲಿಲ್ಲೇನ್ರೀ?"

"ಇದ್ವು. ಆರು ಜೋಡಿ. ಇಲ್ಲೇ, ಈ ಕಪಾಟಿನ್ಯಾಗ. ಮಾರೋ ಮಾಲು, ಗೀರು ಬಿದ್ರ ಯಾರ್ ತಗೋತಾರ ಅಂತ ಕಾಗದ ಬಿಚ್ಚಲಿಲ್ಲ." ಒಂದು ನಟ್ಟನ್ನು ಡಬ್ಬಿಗೆ ಎಸೆದಳು. "ಭಾಳ ಶಾಣ್ಯಾ ಇದ್ರು."

ಇಪ್ಪತ್ತು ವರ್ಷ ಕಳೆದಿತ್ತು. ನಾನು ಕಣ್ಣೀರಿಗೆ ಸಿದ್ಧಳಾಗಿ ಕುಳಿತಿದ್ದೆ. ಆಕೆಗೆ ಸತ್ತ ಗಂಡನ ಮೇಲೂ ಸಿಟ್ಟೇ ಇತ್ತು, ನಿನ್ನೆ ನಡೆದಂಥ ಸಿಟ್ಟು.

ಕಳೆದ ಬೇಸಿಗೆಯಲ್ಲಿ ಅಕ್ಕ ಕಣ್ಣಿನ ಪೊರೆಯ ಆಪರೇಷನ್ನಿಗೆ ರಾಯಚೂರಿಗೆ ಹೋಗಿ ತವರಿನಲ್ಲಿ ಹತ್ತು ದಿನ ಉಳಿದಳು. ಆಗ ಅಂಗಡಿ ನೋಡಿಕೊಂಡವನು ಅವಳ ಮೈದುನ. ಅಣ್ಣ ಸತ್ತಾಗ ಅಂಗಡಿಯ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಅಂಗಡಿಯಲ್ಲಿ ಕೂರುವ ಕೆಲಸ ಮಾತ್ರ ಅತ್ತಿಗೆಗೆ ಬಿಟ್ಟಿದ್ದ. ಆ ಹತ್ತು ದಿನಗಳಲ್ಲಿ ಅವನು ಯಾರಿಂದಲೋ ಹನ್ನೆರಡು ಜೋಡಿ ಕೆಂಪು ಬಣ್ಣದ ಸ್ಟ್ಯಾಂಡ್ ತರಿಸಿದ. ಐದು ಜೋಡಿ ಮಾರಾಟವೂ ಆದವು.

ಅಕ್ಕ ಮರಳಿ ಬಂದ ದಿನ ಭಾನುವಾರ. ಕಪ್ಪು ಕನ್ನಡಕ ಹಾಕಿಕೊಂಡೇ ಹೊಸ ಸ್ಟ್ಯಾಂಡೊಂದನ್ನು ಕೈಯಲ್ಲಿ ಎತ್ತಿ ನೋಡಿದಳು. ಕಾಲಿನ ಬೆಸುಗೆಯ ಮೇಲೆ ಬೆರಳಾಡಿಸಿದಳು. ಬ್ಲೇಡಿನಿಂದ ಬಣ್ಣ ಕೆರೆದಳು. ಒಳಗೆ ಬೆಸುಗೆ ಪೂರಾ ಇರಲಿಲ್ಲ, ಅಲ್ಲಲ್ಲಿ ಚುಕ್ಕೆ ಇಟ್ಟಂತೆ ತಾಗಿಸಿ ಮೇಲೆ ದಪ್ಪಗೆ ಬಣ್ಣ ಬಳಿದಿದ್ದರು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ನಿಂತಿದ್ದ ಹಳೆಯ ಜೀಪಿನ ಕೆಳಗೆ ಅದನ್ನಿಟ್ಟು ಜಾಕ್ ಇಳಿಸಿದರು. ಭಾರ ಬಿದ್ದ ಕೂಡಲೇ ಒಂದು ಕಾಲಿನ ಬೆಸುಗೆ ಬಾಯಿ ಬಿಟ್ಟಿತು. ನಾನು ಅಲ್ಲೇ ಇದ್ದೆ.

"ಎಷ್ಟು ಹೋದವು?" ಅಕ್ಕ ಮೈದುನನನ್ನು ಕೇಳಿದಳು.

"ಐದು ಜೋಡಿ. ಅತ್ತಿಗಿ, ಯಾರೂ ಏನೂ ಅಂದಿಲ್ಲ. ಯಾಕ ಸುಮ್ನ..."

"ಸತ್ತವ್ರು ಬಂದು ಕಂಪ್ಲೇಂಟ್ ಕೊಡ್ತಾರೇನು? ಬಿಲ್ ಬುಕ್ ತಾ."

ಬಿಲ್ಲಿನ ಮೇಲಿದ್ದ ನಂಬರುಗಳಿಗೆ ತಾನೇ ಫೋನ್ ಮಾಡಿದಳು. ನಾಲ್ಕು ಮಂದಿ ಎತ್ತಿದರು. ವಡ್ಡೆಪಲ್ಲಿಯವನಿಗೆ, ಕೆ.ಟಿ. ದೊಡ್ಡಿಯವನಿಗೆ, ಗದ್ವಾಲದ ಇಬ್ಬರಿಗೆ ಒಂದೇ ಮಾತು: ಗಾಡಿ ಕೆಳಗ ಹೋಗಬ್ಯಾಡ್ರಿ, ನಾನೇ ಬಂದು ಒಯ್ತೀನಿ. ಐದನೆಯವನು ಗುಂಡುಮಾಲ್‌ನವನು. ಫೋನ್ ಸ್ವಿಚ್ ಆಫ್.

"ಟೀಚರವ್ವಾ, ಗಾಡಿ ತೆಗಿ."

ಮಕ್ತಲ್, ನಾರಾಯಣಪೇಟೆ ದಾಟಿ ಗುಂಡುಮಾಲ್ ಮುಟ್ಟುವವರೆಗೆ ಆಕೆ ಆ ನಂಬರಿಗೆ ಫೋನ್ ಮಾಡುತ್ತಲೇ ಇದ್ದಳು. ಒಂದು ಕಡೆಯೂ ನೀರಿಗೆ ನಿಲ್ಲಿಸಗೊಡಲಿಲ್ಲ. ಊರಲ್ಲಿ ಕೇಳಿಕೊಂಡು ಹೋದರೆ ಅವನು ಸಿಕ್ಕಿದ. ಬಾಡಿಗೆಗೆ ವ್ಯಾನ್ ಓಡಿಸುವ ಮನುಷ್ಯ. ಮನೆಯ ಮುಂದೆ ಆ ವ್ಯಾನಿನ ಮುಂಭಾಗ ಎರಡು ಕೆಂಪು ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು.

ಅಕ್ಕ ಓಡಿದಳು. ಆಕೆ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಏ, ಹೊರಗ ಬಾ! ಮೊದಲು ಹೊರಗ ಬಾ!"

"ಯಾರದು?"

"ಸ್ಟ್ಯಾಂಡ್ ಮಾರಿದಾಕಿ. ಬೆಸುಗಿ ಸರಿ ಇಲ್ಲ. ಬಾ ಹೊರಗ!"

"ಮುಂಜಾನಿಂದ ನಿಂತೈತಿ, ಏನೂ ಆಗಿಲ್ಲ. ಒಂದೇ ನಟ್ ಉಳದೈತಿ, ತಡೀರಿ."

ಬಾಗಿಲಲ್ಲಿ ಅವನ ಹೆಂಡತಿ ಹಿಟ್ಟಿನ ಕೈಯಲ್ಲಿ ಬಂದು ನಿಂತಿದ್ದಳು. ಅಕ್ಕ ಆಕೆಯತ್ತ ತಿರುಗಿದಳು.

"ಅವ್ವಾ, ನಿನ್ನ ಗಂಡನ ಕಾಲು ಹಿಡಿದು ಎಳಿ. ನಾ ಎಳೀಲಿಲ್ಲ, ಅದಕ್ಕ ಹಿಂಗದೀನಿ. ಎಳಿ!"

ಆ ಹೆಂಗಸು ಅಕ್ಕನ ಬರಿಗೊರಳನ್ನು ನೋಡಿದಳು. ಬಂದು ಒಂದು ಕಾಲು ಹಿಡಿದಳು. ಇನ್ನೊಂದನ್ನು ನಾನು ಹಿಡಿದೆ. ಎಳೆದೆವು. ಅವನು ಬೆನ್ನು ತರಚಿಕೊಂಡು ಹೊರಬಂದು ಕೆಂಡಾಮಂಡಲವಾದ. ಗಂಡ ಇಲ್ಲದಾಕಿ ಮನಿ ಮುಂದ ನಿಂತು ಸಾವಿನ ಮಾತಾಡ್ತಿಯೇನು ಎಂದ. ಅದಕ್ಕಿಂತ ಕೆಟ್ಟದ್ದನ್ನೂ ಅಂದ. ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ಜಾಕ್ ಕೊಟ್ಟು ವ್ಯಾನನ್ನು ತುಸು ಎತ್ತಿದಳು, ಪಕ್ಕದಿಂದ ಕೈಚಾಚಿ ಎರಡೂ ಸ್ಟ್ಯಾಂಡ್ ಎಳೆದುಕೊಂಡಳು, ಒಂದನ್ನು ತಲೆಕೆಳಗು ಮಾಡಿ ಅವನ ಮುಂದಿಟ್ಟಳು.

"ಉಗುರು ಆಡ್ಸು ಇಲ್ಲಿ."

ಅವನು ಬೆಸುಗೆಯ ಮೇಲೆ ಉಗುರಾಡಿಸಿದ. ಉಗುರು ಒಳಗೆ ಹೋಯಿತು. "ಇಂಥಾದ್ದನ್ನ ಯಾಕ ಮಾರಿದ್ರೀ?" ಎಂದ.

ಮೈದುನ ಮಾರಿದ್ದು ಎಂದು ನಾನು ಬಾಯಿ ತೆರೆದೆ. ಅಕ್ಕ ಕೈ ಅಡ್ಡ ಮಾಡಿದಳು.

"ನನ್ನ ಅಂಗಡಿದು. ಗಲ್ತಿ ನಂದು."

ಮುಂದಿನ ವಾರ ಉಳಿದ ನಾಲ್ಕು ಜೋಡಿಯನ್ನೂ ಆಕೆ ತಾನೇ ತಂದಳು. ವಡ್ಡೆಪಲ್ಲಿಗೆ, ಕೆ.ಟಿ. ದೊಡ್ಡಿಗೆ ಬಸ್ಸಿನಲ್ಲಿ ಹೋಗಿ, ಗೋಣಿಚೀಲದಲ್ಲಿ ಕಬ್ಬಿಣ ಹೊತ್ತುಕೊಂಡು ಬಂದಳು. ಐದೂ ಜೋಡಿಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸಿನಿಂದ ತುಂಡು ಮಾಡಿಸಿದಳು. ಮಾರದೆ ಉಳಿದ ಜೋಡಿಗಳು ಗೋದಾಮಿನಲ್ಲಿದ್ದವು, ಬೀಗದ ಕೈ ಮೈದುನನ ಹತ್ತಿರ. ಕೊಡು ಎಂದು ಅಕ್ಕ ಬಜಾರಿನ ನಡುವೆ ನಿಂತು ಕೂಗಿದಳು. ಅದೇ ಅವನಿಗೆ ಸಾಕಾಯಿತು. ನಮ್ಮ ಮಾಲು ಖರಾಬು ಅಂತ ಅತ್ತಿಗಿ ಊರೂರು ಸಾರ್ಕೊಂಡು ಬಂದಾಳ, ಅಂಗಡಿ ಇಜ್ಜತ್ ಹೋಯ್ತು ಎಂದು ವ್ಯಾಪಾರಿಗಳ ಹಿರಿಯರ ಮುಂದೆ ಹೋದ.

ಹಿರಿಯರು ಕೂರುವ ದಿನ ಗೊತ್ತಾಯಿತು. ಬೆಸುಗೆ ಬಿಟ್ಟದ್ದನ್ನು ಕಣ್ಣಾರೆ ಕಂಡವರು ಯಾರು ಎಂದು ಕೇಳಿದ್ದಕ್ಕೆ ಅಕ್ಕ ನನ್ನ ಹೆಸರು ಹೇಳಿದ್ದಳು. ವೆಲ್ಡಿಂಗಿನವನು ಮೈದುನನ ಜಾಗದಲ್ಲೇ ಬಾಡಿಗೆಗಿದ್ದವನು. ನಾನೇನೂ ನೋಡಿಲ್ಲ ಎಂದುಬಿಟ್ಟಿದ್ದ. ಉಳಿದವಳು ನಾನೊಬ್ಬಳೇ.

"ಸರ್ಕಾರಿ ನೌಕರಿ ಐತಿ ನಿನಗ. ಬಜಾರಿನವ್ರ ಜಗಳದಾಗ ಯಾಕ ಬೀಳ್ತಿ?" ಎಂದರು ನನ್ನ ಗಂಡ. ಹಿರಿಯರಲ್ಲೊಬ್ಬರು ಅವರ ಕಚೇರಿಗೂ ಹೋಗಿ ಚಹಾ ಕುಡಿದು ಬಂದಿದ್ದರಂತೆ. ನಾನು ಹೋಗಲಿಲ್ಲ. ಆ ದಿನ ಪೂರ್ತಿ ಮನೆಯಲ್ಲಿ ಕುಳಿತು ಏಳನೇ ತರಗತಿಯ ಉತ್ತರಪತ್ರಿಕೆ ತಿದ್ದಿದೆ. ಗಂಡನ ಮೇಲೆ ತಪ್ಪು ಹಾಕಿ ಜಾರಿಕೊಳ್ಳುವ ಮನಸ್ಸು ಈಗಲೂ ಆಗುತ್ತದೆ. ಆದರೆ ಕಾರಿನ ಕೀಲಿ ನನ್ನ ಕೈಯಲ್ಲೇ ಇತ್ತು, ಯಾರೂ ಬಾಗಿಲಿಗೆ ಅಡ್ಡ ನಿಂತಿರಲಿಲ್ಲ.

ಕಣ್ಣಿಗೆ ಆಪರೇಷನ್ ಆಗಿರುವುದರಿಂದ ಹಿರಿಯ ಸೊಸೆ ಇನ್ನು ಮನೆಯಲ್ಲೇ ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಹಿರಿಯರು ತೀರ್ಮಾನಿಸಿದರು. ಸ್ಟ್ಯಾಂಡುಗಳ ಮಾತೇ ಬರಲಿಲ್ಲವಂತೆ.

ಹದಿನೈದು ದಿನ ಬಿಟ್ಟು ಆಕೆಯ ಮನೆಗೆ ಹೋದೆ. ಜಗುಲಿಯಲ್ಲಿ ಮೂಲಂಗಿ ಸೊಪ್ಪು ಬಿಡಿಸುತ್ತಾ ಕುಳಿತಿದ್ದಳು. ಆ ಕೈಗಳಲ್ಲಿ ಸೊಪ್ಪನ್ನು ನೋಡಲು ನನ್ನಿಂದಾಗಲಿಲ್ಲ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಬರಬೇಕಿತ್ತು ನೀ," ಎಂದಳು. ಅಷ್ಟೇ. ಒಳಗೆ ಹೋಗಿ ಚಹಾ ತಂದುಕೊಟ್ಟು, ಗಾಡಿಯ ಬ್ರೇಕ್ ಎಣ್ಣೆ ನೋಡಿದ್ದೀಯಾ ಎಂದು ಕೇಳಿದಳು.

ಆಮೇಲೂ ಹೋಗುತ್ತಿದ್ದೆ. ಆಕೆ ದಿನದಿನಕ್ಕೆ ಇಳಿದುಹೋದಳು. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು. ಮನೆಯಲ್ಲಿ ಕುಳಿತ ಮೇಲೆ ಕಾಲಿಗೆ ಹುಣ್ಣಾಗಿ ಮಾಯಲಿಲ್ಲ. ಜ್ವರ ಏರಿ ಎರಡೇ ದಿನಕ್ಕೆ ಹೋದಳು. ಮಣ್ಣು ಮಾಡಲು ಕೂರಿಸಿ ಒಯ್ಯುವಾಗ ಯಾರೋ ಆಕೆಯ ಉಗುರುಗಳನ್ನು ಬೆಳ್ಳಗೆ ತಿಕ್ಕಿ ತೊಳೆದಿದ್ದರು.

ಹನ್ನೊಂದನೆಯ ದಿನ ಕಳೆದ ಮೇಲೆ ಆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಹೊಸ ಬೋರ್ಡು. ಗೋಡೆ ತುಂಬಾ ಹೊಳೆಯುವ ಪೆಟ್ಟಿಗೆಗಳು. ಕೆಳಗಿನ ಸಾಲಿನಲ್ಲಿ ನೀಲಿ ಬಣ್ಣದ ಸ್ಟ್ಯಾಂಡುಗಳು. ವಯಸ್ಸಾದ ರೈತನೊಬ್ಬ ಒಂದನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ. ನಾನು ಅದನ್ನು ತೆಗೆದುಕೊಂಡು ಕಾರಿನ ಕೀಲಿಯಿಂದ ಕಾಲನ್ನು ಕೆರೆದೆ. ನೀಲಿಯ ಕೆಳಗೆ ಕೆಂಪು. ಕೆಂಪಿನ ಕೆಳಗೆ ಅದೇ ಚುಕ್ಕೆ ಚುಕ್ಕೆ ಬೆಸುಗೆ.

"ಟೀಚರಮ್ಮಾ, ನಿಮಗ್ಯಾಕ್ರೀ ಇದು?" ಮೈದುನ ಮೆಲ್ಲಗೆ, ನಗುತ್ತಲೇ ಅಂದ. "ಅವತ್ತು ಕರೆದ್ರೂ ಬರ್ಲಿಲ್ಲ. ಇವತ್ಯಾಕ ಬಂದ್ರಿ?"

"ಬರ್ಲಿಲ್ಲ. ಅದು ನನ್ನ ಗಲ್ತಿ. ಇದು ನಿಂದು."

ಅದೊಂದನ್ನು ಮೆಲ್ಲಗೆ ಹೇಳಿದೆ. ಆಮೇಲಿನದನ್ನು ಕೂಗಿ ಹೇಳಿದೆ. ರೈತನಿಗೆ ಬೆಸುಗೆ ತೋರಿಸಿದೆ, ಚಹಾದಂಗಡಿಯವರನ್ನು ಕರೆದು ತೋರಿಸಿದೆ, ಗುಂಡುಮಾಲ್‌ನ ಮಾತನ್ನು ನಡುರಸ್ತೆಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಹೇಳಿದೆ. ಜನ ಸೇರಿದರು. ಕೆಳಗಿನ ಸಾಲಿನಲ್ಲಿದ್ದುದನ್ನೆಲ್ಲ ಎತ್ತಿ ನನ್ನ ಕಾರಿನ ಡಿಕ್ಕಿಗೆ ಹಾಕಿದೆ. ಅಷ್ಟು ಮಂದಿಯ ಮುಂದೆ ಅವನು ತಡೆಯಲಿಲ್ಲ. ಆ ದಿನವೇ ಬೇರೊಂದು ವೆಲ್ಡಿಂಗ್ ಅಂಗಡಿಗೆ ಒಯ್ದು, ಕೊನೆಯ ಕಾಲು ತುಂಡಾಗುವವರೆಗೆ ಅಲ್ಲೇ ನಿಂತಿದ್ದೆ.

ಆದರೆ ಮಾರದೆ ಉಳಿದಿದ್ದ ಏಳು ಜೋಡಿಗಳಲ್ಲಿ ನಾನು ತುಂಡು ಮಾಡಿಸಿದ್ದು ಐದೇ. ಪಕ್ಕದಂಗಡಿಯ ಜೀಪಿನ ಕೆಳಗೆ ಅಕ್ಕ ಮುರಿದು ನೋಡಿದ ಜೋಡಿ ಒಂದು. ಇನ್ನೊಂದು ಜೋಡಿ ಎಲ್ಲಿ? ಅವನನ್ನು ಮೂರು ಸಲ ಹೋಗಿ ಕೇಳಿದ್ದೇನೆ. ಮಾರಿ ಆಗಿದೆ, ಯಾರಿಗೆ ಎಂಬುದು ನೆನಪಿಲ್ಲ, ಬಿಲ್ ಬರೆದಿಲ್ಲ ಎನ್ನುತ್ತಾನೆ. ಗದ್ವಾಲ, ಮಕ್ತಲ್, ನಾರಾಯಣಪೇಟೆಯ ಗ್ಯಾರೇಜುಗಳಲ್ಲೆಲ್ಲ ವಿಚಾರಿಸಿದ್ದೇನೆ. ಸಿಕ್ಕಿಲ್ಲ. ಇದನ್ನು ಓದುತ್ತಿರುವವರ ಮನೆಯಂಗಳದಲ್ಲಿ ನೀಲಿ ಬಣ್ಣದ ಎರಡು ಸ್ಟ್ಯಾಂಡುಗಳಿದ್ದರೆ, ಕಾಲನ್ನು ಕೀಲಿಯಿಂದ ಕೆರೆದು ನೋಡಿ. ಒಳಗೆ ಕೆಂಪು ಕಂಡರೆ ಗಾಡಿಯ ಕೆಳಗೆ ಹೋಗಬೇಡಿ. ಈಗಾಗಲೇ ಯಾರಾದರೂ ಕೆಳಗೆ ಇದ್ದರೆ, ಕಾಲು ಹಿಡಿದು ಎಳೆಯಿರಿ.